ಭೋಜ ಪರಿಸರದ ಮುಳುಗು ಸೇತುವೆಗಳು

ಭೋಜ ಪರಿಸರದ ಮುಳುಗು ಸೇತುವೆಗಳು ಬೆಳಗಾವಿ ಜಿಲ್ಲೆಯ ನಿಪ್ಪಾಣಿ ಮತ್ತು ಚಿಕ್ಕೋಡಿ ತಾಲ್ಲೂಕುಗಳಲ್ಲಿ ದೂಧಗಂಗಾ, ವೇದಗಂಗಾ ಹಾಗೂ ಕೃಷ್ಣಾ ನದಿಗಳಿಗೆ ಅಡ್ಡಲಾಗಿರುವ, ಮುಂಗಾರಿನಲ್ಲಿ ಜಲಾವೃತವಾಗುವ ಕೆಳಮಟ್ಟದ ಸೇತುವೆಗಳು. ಕಾರದಗಾ–ಭೋಜ ಮತ್ತು ಮಲಿಕವಾಡ–ದತ್ತವಾಡ ಸೇತುವೆಗಳು ದೂಧಗಂಗೆಯ ಮೇಲೂ, ಭೋಜವಾಡಿ–ಕುನ್ನೂರ, ಸಿದ್ನಾಳ–ಅಕ್ಕೋಳ ಹಾಗೂ ಜತ್ರಾಟ–ಭೀವಶಿ ಸೇತುವೆಗಳು ವೇದಗಂಗೆಯ ಮೇಲೂ, ಕಲ್ಲೋಳ–ಯಡೂರ ಸೇತುವೆ ಕೃಷ್ಣೆಯ ಮೇಲೂ ಇವೆ. ಇವು ಮುಳುಗುವುದಕ್ಕೆ ಮಳೆ ನೇರ ಕಾರಣ. ಮತ್ತೆ ಮತ್ತೆ ಮುಳುಗುತ್ತಲೇ ಇರುವುದಕ್ಕೆ ಕಾರಣವನ್ನು ರಸ್ತೆಗಳ ದರ್ಜೆ ಮತ್ತು ಅನುದಾನದ ನಿಯಮಗಳಲ್ಲಿ ಹುಡುಕಬೇಕಾಗುತ್ತದೆ.

ಭೌಗೋಳಿಕ ಹಿನ್ನೆಲೆ

ದೂಧಗಂಗಾ ಮತ್ತು ವೇದಗಂಗಾ ನದಿಗಳು ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಸಹ್ಯಾದ್ರಿಯಲ್ಲಿ ಹುಟ್ಟಿ ಭೋಜದ ಸಮೀಪ ಸಂಗಮಿಸುತ್ತವೆ. ಎರಡು ನದಿಗಳ ನಡುವಿನ ಈ ಭೂಭಾಗಕ್ಕೆ ಮಳೆಗಾಲದಲ್ಲಿ ಉಳಿಯುವುದು ಮುಖ್ಯವಾಗಿ ಪಶ್ಚಿಮದ ದಾರಿ, ಅಂದರೆ ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 48ರ ಕಡೆಗಿನ ಸುತ್ತುದಾರಿ. 2019ರ ಆಗಸ್ಟ್ ಮತ್ತು 2021ರ ಜುಲೈ ಪ್ರವಾಹಗಳಲ್ಲಿ ಯಮಗರ್ಣಿ ಬಳಿ ವೇದಗಂಗೆಯ ನೀರು ಹೆದ್ದಾರಿಯನ್ನೂ ಆವರಿಸಿ ಸಂಚಾರ ಸ್ಥಗಿತಗೊಂಡಿತು. ಅಂತಹ ದಿನಗಳಲ್ಲಿ ಈ ಊರುಗಳನ್ನು ನಡುಗಡ್ಡೆ ಎನ್ನುವುದು ಅತಿಶಯೋಕ್ತಿಯಾಗದು.

ಬಾಂದಾರವೇ ಸೇತುವೆಯಾದ ಬಗೆ

ಈ ಭಾಗದ ನದಿದಾಟುಗಳಲ್ಲಿ ಹಲವು ಮೂಲತಃ ಸ್ಥಳೀಯವಾಗಿ ಬಾಂದಾರ ಎನಿಸಿಕೊಳ್ಳುವ ಬ್ಯಾರೇಜುಗಳು. ಕೊಲ್ಹಾಪುರ ಮಾದರಿಯ ಬಾಂದಾರದಲ್ಲಿ ಕಂಬಗಳ ನಡುವಿನ ಗಾಡಿಗಳಿಗೆ ಹಲಗೆಗಳನ್ನು ಇಳಿಸಿ ಬೇಸಿಗೆಗೆ ನೀರು ನಿಲ್ಲಿಸಲಾಗುತ್ತದೆ. ಮುಂಗಾರಿಗೆ ಮುನ್ನ ಹಲಗೆಗಳನ್ನು ತೆಗೆದು ಪ್ರವಾಹಕ್ಕೆ ದಾರಿ ಬಿಡಲಾಗುತ್ತದೆ. ಪ್ರವಾಹವು ಮೇಲಿನಿಂದ ಹರಿದುಹೋಗುವುದು ಈ ವಿನ್ಯಾಸದಲ್ಲಿ ದೋಷವಲ್ಲ, ನಿರೀಕ್ಷಿತ ಸಂಗತಿ. ಕಂಬಗಳ ಮೇಲಿನ ರಸ್ತೆ ನೀರಾವರಿ ಕಾಮಗಾರಿಯ ಉಪಲಾಭ. ಹಣ ಬರುವುದು ಸಣ್ಣ ನೀರಾವರಿಯಂತಹ ಇಲಾಖೆಗಳಿಂದ, ಅದರ ಯಶಸ್ಸನ್ನು ಅಳೆಯುವುದು ನೀರುಂಡ ಜಮೀನಿನಿಂದ. ಕಬ್ಬು ಅರೆಯುವ ಹಂಗಾಮು ಮಳೆ ನಿಂತ ಮೇಲೆ ಆರಂಭವಾಗುವುದರಿಂದ ಕಬ್ಬಿನ ಟ್ರ್ಯಾಕ್ಟರುಗಳಿಗೆ ಈ ಎತ್ತರ ಸಾಕಾಗುತ್ತದೆ. ತೊಂದರೆಗೆ ಸಿಲುಕುವವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಾಲೆ, ಆಸ್ಪತ್ರೆ, ಸಂತೆಗಳಿಗೆ ಹೋಗಬೇಕಾದವರು. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸುಗಳೂ ಆಗ ಮಾರ್ಗ ಬದಲಿಸುತ್ತವೆ ಅಥವಾ ನಿಲ್ಲುತ್ತವೆ.

ಅನುದಾನದ ವ್ಯವಸ್ಥೆ

ರಾಜ್ಯ ಹೆದ್ದಾರಿ ಹಾಗೂ ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಗೆ ಸೇರಿದರೆ, ಗ್ರಾಮೀಣ ರಸ್ತೆಗಳನ್ನು ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗ ನೋಡಿಕೊಳ್ಳುತ್ತದೆ. 2000ರಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಮೊದಲ ಗುರಿ, ಬಯಲು ಪ್ರದೇಶದಲ್ಲಿ 500ಕ್ಕಿಂತ ಹೆಚ್ಚು ಜನಸಂಖ್ಯೆಯ ಪ್ರತಿ ಜನವಸತಿಗೆ ಒಂದು ಸರ್ವಋತು ರಸ್ತೆ. ಒಂದು ದಾರಿ ಇದ್ದರೆ ಆ ಊರು ‘ಸಂಪರ್ಕ ಹೊಂದಿದ’ ಊರು. ಎದುರು ದಡಕ್ಕೆ ಹೋಗಲು ಎಷ್ಟು ಸುತ್ತಬೇಕೆಂಬುದು ಆ ಲೆಕ್ಕದಲ್ಲಿ ಬರುವುದಿಲ್ಲ. 2019ರಲ್ಲಿ ಮಂಜೂರಾದ ಮೂರನೇ ಹಂತದಲ್ಲಿ ಬಯಲು ಪ್ರದೇಶದ ಸೇತುವೆಗಳಿಗೆ 150 ಮೀಟರ್ ಉದ್ದದವರೆಗೆ ಮಾತ್ರ ಕೇಂದ್ರದ ಪಾಲು ಸಿಗುತ್ತದೆ, ಅದನ್ನು ಮೀರಿದ ಭಾಗದ ವೆಚ್ಚ ರಾಜ್ಯದ್ದು.

ಪ್ರವಾಹ ಪರಿಹಾರದ ಹಣದಿಂದಲೂ ಸೇತುವೆ ಎತ್ತರವಾಗುವುದಿಲ್ಲ. ಕರ್ನಾಟಕದಲ್ಲಿ ಕೇಂದ್ರದ ಶೇ 75 ಮತ್ತು ರಾಜ್ಯದ ಶೇ 25 ಪಾಲಿನಿಂದ ರೂಪುಗೊಳ್ಳುವ ರಾಜ್ಯ ವಿಪತ್ತು ಸ್ಪಂದನ ನಿಧಿ, ಹಾನಿಗೊಂಡ ಮೂಲಸೌಕರ್ಯದ ತುರ್ತು ದುರಸ್ತಿಗೆ ಮೀಸಲು. ವಾರಗಟ್ಟಲೆ ನೀರಿನಡಿ ಇದ್ದು ಗಟ್ಟಿಯಾಗಿಯೇ ಹೊರಬಂದ ಸೇತುವೆ ಹಾನಿಯ ಪಟ್ಟಿಗೆ ಸೇರುವುದೇ ಇಲ್ಲ. 15ನೇ ಹಣಕಾಸು ಆಯೋಗವು 2021–26ರ ಅವಧಿಗೆ ವಿಪತ್ತು ನಿಧಿಯ ಶೇ 20ರಷ್ಟನ್ನು ವಿಪತ್ತು ತಗ್ಗಿಸುವ ಕೆಲಸಗಳಿಗೆ ಬೇರ್ಪಡಿಸಿತು. ಆದರೆ ಆ ಮೊತ್ತ ಬರ ಸೇರಿದಂತೆ ಇಡೀ ರಾಜ್ಯದ ಎಲ್ಲ ಬಗೆಯ ವಿಪತ್ತುಗಳ ನಡುವೆ ಹಂಚಿಕೆಯಾಗಬೇಕು.

ರಸ್ತೆಯ ದರ್ಜೆ ಬದಲಾದಾಗ ಏನಾಗಬಹುದೆಂಬುದಕ್ಕೆ ಶಿವಮೊಗ್ಗ ಜಿಲ್ಲೆಯ ಉದಾಹರಣೆಯಿದೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಿಂದ ದ್ವೀಪದಂತಾದ ತುಮರಿ ಪ್ರದೇಶ ದಶಕಗಳ ಕಾಲ ಲಾಂಚನ್ನೇ ಅವಲಂಬಿಸಿತ್ತು. ಮಾರ್ಗವು ರಾಷ್ಟ್ರೀಯ ಹೆದ್ದಾರಿ 369ಇ ಆಗಿ ಸೇರಿದ ನಂತರ ಕೇಂದ್ರದ ಅನುದಾನದಲ್ಲಿ ಸುಮಾರು 2.4 ಕಿ.ಮೀ. ಉದ್ದದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ನಿರ್ಮಾಣವಾಗಿ 2025ರ ಜುಲೈ 14ರಂದು ಉದ್ಘಾಟನೆಗೊಂಡಿತು. ವೆಚ್ಚ ಸುಮಾರು ₹ 470 ಕೋಟಿ. ಸಿಗಂದೂರಿನ ಯಾತ್ರಿಕರ ದಟ್ಟಣೆ ಅಲ್ಲಿನ ಬೇಡಿಕೆಗೆ ಬಲ ನೀಡಿತ್ತು. ಭೋಜದ ಆಸುಪಾಸಿನಲ್ಲಿ ಅಗತ್ಯವಿರುವುದು ಅಂತಹ ಒಂದು ಭವ್ಯ ಸೇತುವೆಯಲ್ಲ, ಹಲವು ಚಿಕ್ಕ ಸೇತುವೆಗಳು. ಅವುಗಳ ಬೇಡಿಕೆಯೂ ಊರೂರಿಗೆ ಹಂಚಿಹೋಗಿದೆ.

ಗಡಿಯ ಪ್ರಶ್ನೆ

ಮಲಿಕವಾಡ–ದತ್ತವಾಡ ಸೇತುವೆಯ ಆಚೆ ದಡ ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲ್ಲೂಕಿಗೆ ಸೇರಿದೆ. ಅದನ್ನು ಎತ್ತರಿಸಬೇಕಾದರೆ ಸಂಪರ್ಕ ರಸ್ತೆಗೆ ಎರಡೂ ರಾಜ್ಯಗಳಲ್ಲಿ ಜಮೀನು ಬೇಕು. ನದಿಯ ಏರಿಳಿತವೂ ಮಹಾರಾಷ್ಟ್ರದ ಕಾಳಮ್ಮವಾಡಿ, ಪಾಟಗಾಂವ ಜಲಾಶಯಗಳ ಹೊರಹರಿವು ಮತ್ತು ಘಟ್ಟದ ಮಳೆಯನ್ನು ಅವಲಂಬಿಸಿದೆ. ಆದ್ದರಿಂದ ಬೆಳಗಾವಿ ಜಿಲ್ಲಾಡಳಿತವು ಮಳೆಗಾಲದುದ್ದಕ್ಕೂ ಕೊಲ್ಹಾಪುರದ ಕಡೆಯಿಂದ ಬರುವ ಕ್ಯುಸೆಕ್ ಲೆಕ್ಕವನ್ನು ಗಮನಿಸುತ್ತಿರುತ್ತದೆ. ನೀರು ಏರಿದಾಗ ಸೇತುವೆಗಳ ಎರಡೂ ಬದಿಗೆ ಬ್ಯಾರಿಕೇಡ್ ಇಟ್ಟು ಪೊಲೀಸರನ್ನು ನಿಯೋಜಿಸಲಾಗುತ್ತದೆ.