ನಮ್ಮ ಪ್ರವಾಸದ ಪಟ್ಟಿ

ಪ್ರತಿ ವರ್ಷವೂ ಡಿಸೆಂಬರ್ ಸಮೀಪಿಸಿತೆಂದರೆ ನಮ್ಮ ಕಾಲೇಜಿನ ಸೂಚನಾ ಫಲಕದ ಮೇಲೆ ಒಂದು ಕಾಗದ ಕಾಣಿಸಿಕೊಳ್ಳುತ್ತದೆ. ದಿನಗಳು ಮೂರು, ನೋಡತಕ್ಕ ಸ್ಥಳಗಳು ಹದಿನಾಲ್ಕು, ತಲೆಗೆ ಇಂತಿಷ್ಟು ರೂಪಾಯಿ. ಸ್ಥಳಗಳ ಹೆಸರನ್ನು ಒಂದರ ಕೆಳಗೊಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಒಂದು ಸ್ಥಳದಿಂದ ಇನ್ನೊಂದಕ್ಕೆ ಹೋಗುವುದು ಹೇಗೆ, ಯಾವ ಹೊತ್ತಿನಲ್ಲಿ, ಯಾವ ದಾರಿಯಲ್ಲಿ ಎಂಬುದರ ಸುದ್ದಿಯೇ ಇರುವುದಿಲ್ಲ. ಪ್ರವಾಸವೆಂದರೆ ಸ್ಥಳಗಳು, ದಾರಿಯೆಂದರೆ ಅವುಗಳ ನಡುವೆ ನಿದ್ದೆ ಮಾಡುವುದಕ್ಕೆ ಇರುವ ಅವಕಾಶ ಎಂದು ನಮ್ಮ ಪ್ರವಾಸ ಸಮಿತಿಯವರು ತಿಳಿದಂತಿದೆ. ಇದು ಸರಿಯಲ್ಲವೆಂದು ನನ್ನ ನಮ್ರವಾದ ಅಭಿಪ್ರಾಯ. ನಮ್ರವಾದದ್ದಾದರೂ ಗಟ್ಟಿಯಾದದ್ದು.

ಹದಿನಾಲ್ಕು ಸ್ಥಳಗಳನ್ನು ಮೂರು ದಿನಗಳಲ್ಲಿ ಮುಗಿಸಬೇಕಾದರೆ ರಾತ್ರಿಯೆಲ್ಲ ಬಸ್ಸು ಓಡಲೇಬೇಕು. ಶಿರಾಡಿ ಘಟ್ಟವನ್ನು ಇಳಿಯುವುದು ರಾತ್ರಿ ಎರಡು ಗಂಟೆಗೆ. ಎಡಕ್ಕೆ ಕೆಂಪುಹೊಳೆ ಇದೆಯೋ ಬಲಕ್ಕೆ ಇದೆಯೋ ಯಾರಿಗೂ ತಿಳಿಯದು. ಮುಂಜಾನೆ ಕಡಲತೀರದಲ್ಲಿ ಇಳಿದು ಕಣ್ಣುಜ್ಜಿಕೊಂಡು ಚಿತ್ರ ತೆಗೆಸಿಕೊಂಡರೆ ಒಂದು ಸ್ಥಳ ಮುಗಿಯಿತು. ಇದರಿಂದ ಆಗುವ ನಷ್ಟ ಸೌಂದರ್ಯಕ್ಕೆ ಮಾತ್ರವಲ್ಲ. ನಮ್ಮ ತರಗತಿಯ ಹೆಣ್ಣುಮಕ್ಕಳಲ್ಲಿ ಕಳೆದ ಸಲ ಪ್ರವಾಸಕ್ಕೆ ಹೋದವರು ಬೆರಳೆಣಿಕೆಯಷ್ಟು. ಉಳಿದವರ ಮನೆಗಳಲ್ಲಿ ಹಣಕ್ಕಿಂತ ಮೊದಲು ಕೇಳಿದ ಪ್ರಶ್ನೆ ಒಂದೇ. ನಮ್ಮ ತಂದೆಯವರೂ ಅದನ್ನೇ ಕೇಳಿದರು: “ರಾತ್ರಿ ಬಸ್ಸಾ? ಹಾಗಾದರೆ ಬೇಡಮ್ಮ.” ಅವರ ಮಾತಿನಲ್ಲಿ ನನಗೆ ಸಿಟ್ಟು ಬರಿಸುವಂಥದು ಏನೂ ಕಾಣಲಿಲ್ಲ. ಹೆದ್ದಾರಿಯ ಪಕ್ಕದ ಊರಿನಲ್ಲಿ ಹುಟ್ಟಿ ಬೆಳೆದವರು ಅವರು. ರಾತ್ರಿಯ ಹೆದ್ದಾರಿ ಏನೆಂಬುದು ಅವರಿಗೆ ಯಾರೂ ಹೇಳಿಕೊಡಬೇಕಾದ್ದಿಲ್ಲ.

ನಮ್ಮ ಊರು ಯಡಿಯೂರು. ತೋಂಟದ ಸಿದ್ಧಲಿಂಗೇಶ್ವರರ ಗದ್ದುಗೆಯಿಂದ ಪ್ರಸಿದ್ಧವಾದದ್ದು. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವವರೆಲ್ಲ ನಮ್ಮನ್ನು ದಾಟಿಯೇ ಹೋಗಬೇಕು. ಶನಿವಾರ ಬೆಳಿಗ್ಗೆ ರಸ್ತೆಯ ಅಂಚಿನಲ್ಲಿ ನಿಂತರೆ ಕಾರುಗಳ ಜಾತ್ರೆ. ಕೆಲವರು ಗದ್ದುಗೆಯ ದರ್ಶನ ಮಾಡಿ, ದಾಸೋಹದಲ್ಲಿ ಉಂಡು ಮುಂದೆ ಹೋಗುತ್ತಾರೆ, ಅವರು ಪುಣ್ಯವಂತರು. ಹೆಚ್ಚಿನವರು ಎಳನೀರು ಕುಡಿಯುತ್ತ ಕೇಳುವುದು ಎರಡೇ ಪ್ರಶ್ನೆ: “ಸಕಲೇಶಪುರ ಇನ್ನೆಷ್ಟು ದೂರ? ಇಲ್ಲಿ ನೋಡೋಕೆ ಏನಿದೆ?” ಎರಡನೆಯದಕ್ಕೆ ಎಳನೀರು ಮಾರುವ ನಮ್ಮ ಕೇರಿಯ ಮುದುಕರೊಬ್ಬರು “ನೀವೇ ಸ್ವಾಮಿ” ಎಂದು ಉತ್ತರ ಕೊಡುವುದುಂಟು. ದಾರಿಯ ಮೇಲೆ ಇರುವ ಊರಿನವರಿಗೆ ದಾರಿಯೇ ಊರು, ಅದನ್ನು ದಾಟಿ ಹೋಗುವವರಿಗೆ ಊರೇ ದಾರಿ. ಈ ವ್ಯತ್ಯಾಸವನ್ನು ಚಿಕ್ಕಂದಿನಿಂದ ನೋಡಿದ್ದರಿಂದಲೇ ಈ ವಿಷಯವನ್ನು ಕುರಿತು ಬರೆಯುವ ಧೈರ್ಯ ನನಗೆ ಬಂದದ್ದು.

ಜರ್ಮನಿಯಲ್ಲಿ ಉದ್ಯೋಗದಲ್ಲಿರುವ ನನ್ನ ದೊಡ್ಡಪ್ಪನ ಮಗ ಹಿಂದಿನ ಜಾತ್ರೆಗೆ ಊರಿಗೆ ಬಂದಿದ್ದಾಗ, ತಾನು ಸಂಸಾರ ಸಮೇತ ನಾರ್ವೆ ದೇಶಕ್ಕೆ ಕಾರಿನಲ್ಲಿ ಹೋಗುವ ಯೋಜನೆಯೊಂದನ್ನು ನಮಗೆ ತೋರಿಸಿದ. ಅದನ್ನು ನೋಡಿ ನನಗೆ ಆಶ್ಚರ್ಯವಾಯಿತು. ಅದರಲ್ಲಿ ನೋಡತಕ್ಕ ಸ್ಥಳಗಳ ಪಟ್ಟಿಯೇ ಇರಲಿಲ್ಲ. ಡೆನ್ಮಾರ್ಕಿನ ತುದಿಯಲ್ಲಿರುವ ಹಿರ್ಟ್‌ಶಾಲ್ಸ್ ಎಂಬಲ್ಲಿ ಕಾರನ್ನೇ ಹಡಗಿಗೆ ಹತ್ತಿಸುವುದು. ಸುಮಾರು ಮೂರು ಗಂಟೆಯ ಮೇಲೆ ಕ್ರಿಸ್ಟಿಯಾನ್‌ಸಾಂಡಿನಲ್ಲಿ ಇಳಿಯುವುದು. ಅಲ್ಲಿಂದ ಉತ್ತರಕ್ಕೆ ಇ-39 ಎಂಬ ಕರಾವಳಿಯ ಹೆದ್ದಾರಿ. ಟ್ರಾಂಡ್‌ಹೈಮಿನವರೆಗೆ ಅದು ಸುಮಾರು 1,100 ಕಿಲೋಮೀಟರು. ಆ ದಾರಿ ಅಲ್ಲಲ್ಲಿ ನೀರಿನ ಅಂಚಿಗೆ ಬಂದು ನಿಂತುಬಿಡುತ್ತದೆ; ಕಾರು, ಲಾರಿ, ಬಸ್ಸುಗಳೆಲ್ಲ ಸಾಲಾಗಿ ಹಡಗು ಹತ್ತಿ ಆಚೆ ದಡದಲ್ಲಿ ಇಳಿದು ಅದೇ ಹೆದ್ದಾರಿಯಲ್ಲಿ ಮುಂದುವರಿಯಬೇಕು. ಹೀಗೆ ಏಳೆಂಟು ಕಡೆ. ಅಣ್ಣನ ಕಾಗದದ ತುಂಬ ಇದ್ದದ್ದು ಈ ದಾಟುಗಳ ಹೊತ್ತು, ದಿನಕ್ಕೆ ಎಷ್ಟು ಗಂಟೆ ಓಡಿಸಬೇಕು, ಮಕ್ಕಳು ಎಲ್ಲಿ ಇಳಿದು ಆಡಬೇಕು ಎಂಬ ಲೆಕ್ಕ.

ನಮ್ಮ ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು, “ಯಾಕ್ ಮಗಾ, ಅಷ್ಟೊಂದು ದುಡ್ಡಿರೋ ದೇಶ ಅಂತೀಯ, ಒಂದು ಸೇತುವೆ ಕಟ್ಟೋಕೆ ಆಗಲಿಲ್ವಾ ಅವರಿಗೆ?” ಎಂದರು.

“ಅವು ಹೊಳೆಯಲ್ಲ ಕಣಜ್ಜಿ. ಸಮುದ್ರವೇ ಬೆಟ್ಟದ ಸಂದಿಗೆ ನುಗ್ಗಿರೋದು. ಒಂದೊಂದು ಕಡೆ ಒಂದು ಕಿಲೋಮೀಟರಿಗಿಂತ ಹೆಚ್ಚು ಆಳ.”

“ಆಳವೋ ಗೀಳವೋ, ಬಸುರಿ ಹೆಂಗಸಿಗೆ ರಾತ್ರಿ ನೋವು ಬಂದರೆ ಏನ್ಮಾಡ್ತಾರೆ?”

ಅಣ್ಣ ನಕ್ಕು ಸುಮ್ಮನಾದ. ಆದರೆ ಅಜ್ಜಿಯ ಪ್ರಶ್ನೆ ನಗುವಂಥದಲ್ಲ. ಆಮೇಲೆ ವಿಚಾರಿಸಿ ನೋಡಿದರೆ ನಾರ್ವೆಯ ಸರಕಾರವೂ ಬಹುಕಾಲದಿಂದ ಇದೇ ಪ್ರಶ್ನೆಯನ್ನು ಕೇಳಿಕೊಳ್ಳುತ್ತಿದೆಯೆಂದು ತಿಳಿಯಿತು. ಹಾರ್ಡಾಂಗರ್ ಎಂಬ ಕಡಲ ಕವಲಿಗೆ 2013ರಲ್ಲಿ ತೂಗುಸೇತುವೆ ಹಾಕಿದರು. ಎರಡು ಗೋಪುರಗಳ ನಡುವಣ ಅಂತರವೇ 1,310 ಮೀಟರು. ಅಲ್ಲಿಯ ಹಡಗು ನಿಂತಿತು. ಇ-39ರ ದಾಟುಗಳಿಗೂ ಒಂದೊಂದಾಗಿ ಸೇತುವೆ ಅಥವಾ ಸುರಂಗ ಮಾಡಬೇಕೆಂಬುದು ಅವರ ಯೋಜನೆ. ಪ್ರವಾಸಿಗಳಿಗೆ ಹಡಗು ಚೆಂದ. ದಿನವೂ ಕೆಲಸಕ್ಕೆ ಹೋಗುವವನಿಗೆ ಅದು ಕಾಯುವ ಸಾಲು.

ಯೂರೋಪಿನ ಈ ಬಗೆಯ ಪ್ರವಾಸವನ್ನು ನಮ್ಮ ಮಿತ್ರರು ಫೋನಿನಲ್ಲಿ ನೋಡಿ ನಿಟ್ಟುಸಿರು ಬಿಡುವುದನ್ನು ನಾನು ಬಲ್ಲೆ. ನಿಟ್ಟುಸಿರಿಗೆ ಖರ್ಚಿಲ್ಲ. ಇಲ್ಲಿಂದ ಹೋಗುವವರಿಗೆ ಷೆಂಗೆನ್ ವೀಸಾ ಬೇಕು, ಅದರ ಮೇಲೆ ನೂರೆಂಬತ್ತು ದಿನಗಳಲ್ಲಿ ತೊಂಬತ್ತು ದಿನ ಮಾತ್ರ ಇರಬಹುದು. ಆರ್‌ಟಿಓ ಕಚೇರಿಯಿಂದ ಒಂದು ವರ್ಷದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕು. ರಸ್ತೆಯ ಬಲಗಡೆಯಲ್ಲಿ ಓಡಿಸುವ ಎದೆಗಾರಿಕೆ ಬೇಕು. ಇವೆಲ್ಲ ಇದ್ದವರು ಹೋಗಿಬರಲಿ. ಅವರಿಂದ ನಾವು ಎರವಲು ತರಬೇಕಾದದ್ದು ಯೋಜನೆ ಹಾಕುವ ಕ್ರಮವನ್ನು ಮಾತ್ರ. ಆಸ್ಟ್ರಿಯಾ ದೇಶದಲ್ಲಿ ಗ್ರಾಸ್‌ಗ್ಲಾಕ್ನರ್ ಎಂಬ ಪರ್ವತದ ರಸ್ತೆಯಿದೆ. 1935ರಲ್ಲಿ ತೆರೆದದ್ದು, 48 ಕಿಲೋಮೀಟರಿನಲ್ಲಿ 36 ತಿರುವು. ನೋಡುವುದಕ್ಕೆಂದೇ ಜನ ಹಣ ತೆತ್ತು ಹೋಗುವ ಆ ರಸ್ತೆಯನ್ನು ಚಳಿಗಾಲದಲ್ಲಿ ಮುಚ್ಚುತ್ತಾರೆ, ಉಳಿದ ಕಾಲದಲ್ಲೂ ರಾತ್ರಿ ಮುಚ್ಚುತ್ತಾರೆ. ಕತ್ತಲಲ್ಲಿ ಘಟ್ಟ ಹತ್ತಿ ಏನು ಪ್ರಯೋಜನವೆಂದು ಅಲ್ಲಿಯವರಿಗೆ ತೋರಿದೆ. ನಮ್ಮ ಸಮಿತಿಗೆ ಇನ್ನೂ ತೋರಬೇಕು.

ಈಗ ನನ್ನ ಸಲಹೆ. ಯಡಿಯೂರಿನಿಂದ ಹೊರಟು ಯಡಿಯೂರಿಗೇ ಬರುವಂಥ ಒಂದು ಸುತ್ತು. ಎಲ್ಲ ಸೇರಿ 700 ಕಿಲೋಮೀಟರಿನ ಆಚೀಚೆ. ಮೂರು ಹಗಲು, ಎರಡು ರಾತ್ರಿಯ ತಂಗು. ಬೆಳಿಗ್ಗೆ ಆರಕ್ಕೆ ಹೊರಟರೆ ಬೆಳ್ಳೂರು ಕ್ರಾಸು, ಚನ್ನರಾಯಪಟ್ಟಣ, ಹಾಸನ ದಾಟಿ ಹತ್ತು ಗಂಟೆಯ ಸುಮಾರಿಗೆ ಸಕಲೇಶಪುರ. ನಮ್ಮ ತೆಂಗು, ಹಾಸನದ ಬಯಲು, ಹೇಮಾವತಿ, ಆಮೇಲೆ ಕಾಫಿಯ ನೆರಳು: ನಾಲ್ಕು ಗಂಟೆಯಲ್ಲಿ ನಾಲ್ಕು ನಾಡು ಕಣ್ಣೆದುರು ಬದಲಾಗುವುದನ್ನು ಎಚ್ಚರವಿದ್ದವರು ನೋಡಬಹುದು. ಟಿಪ್ಪು ಕಟ್ಟಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯನ್ನು ಹತ್ತಿದರೆ ಮುಂದೆ ಇಳಿಯಬೇಕಾದ ಘಟ್ಟದ ಸೀಮೆ ಕಾಣುತ್ತದೆ. ಕೋಟೆಯನ್ನು ಅಲ್ಲೇ ಏಕೆ ಕಟ್ಟಿದರೆಂಬುದನ್ನು ಚರಿತ್ರೆಯ ಅಧ್ಯಾಪಕರು ಅರ್ಧ ಗಂಟೆ ಹೇಳುವ ಬದಲು ಅಲ್ಲಿ ನಿಂತು ಬೆರಳು ತೋರಿಸಿದರೆ ಸಾಕು. ನಡುಹಗಲಲ್ಲಿ ಶಿರಾಡಿ, ಸಂಜೆಯ ಬೆಳಕಿನಲ್ಲಿ ಉಡುಪಿ.

ಎರಡನೆಯ ದಿನದ ಬೆಳಗು ಕರಾವಳಿಯ ರಸ್ತೆ. ಮರವಂತೆಯಲ್ಲಿ ಒಂದು ಪಕ್ಕಕ್ಕೆ ಕಡಲು, ಇನ್ನೊಂದು ಪಕ್ಕಕ್ಕೆ ಸೌಪರ್ಣಿಕಾ. ಇದನ್ನು ವರ್ಣಿಸಿ ಈಗಾಗಲೇ ಸಾಕಷ್ಟು ಶಾಯಿ ಖರ್ಚಾಗಿದೆ. ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ದಾರಿಯುದ್ದಕ್ಕೂ ಬರುವ ಸೇತುವೆಗಳು. ಸ್ವಾತಂತ್ರ್ಯ ಬಂದ ಹೊಸದರಲ್ಲಿಯೂ ಈ ಕರಾವಳಿ ನಾರ್ವೆಯಂತೆಯೇ ಇತ್ತು. ಈ ದಡದ ಬಸ್ಸಿನಿಂದ ಇಳಿದು, ಗಂಟು ಹೊತ್ತು, ದೋಣಿ ದಾಟಿ ಆ ದಡದ ಬಸ್ಸು ಹಿಡಿಯುತ್ತಿದ್ದರು. ಎರಡು ದೋಣಿಗಳನ್ನು ಜೋಡಿಸಿ ಹಲಗೆ ಹಾಸಿದ ಜಂಗಲ್ ಮೇಲೆ ಮೋಟಾರುಗಳು ದಾಟುತ್ತಿದ್ದವು. ಈಗ ಹೊಳೆಯ ಹೆಸರು ತಿಳಿಯುವ ಮೊದಲೇ ಹೊಳೆ ಹಿಂದಾಗುತ್ತದೆ. ಮಳೆಗಾಲದಲ್ಲಿ ಮಾತ್ರ ಈ ಕಡೆ ಪ್ರವಾಸ ಬೇಡವೇ ಬೇಡ. ಇನ್ನೂ ಉತ್ತರಕ್ಕೆ, ಅಂಕೋಲೆಯ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದಾಗ, ಹೆದ್ದಾರಿಯ ಪಕ್ಕದಲ್ಲಿ ಚಹಾದಂಗಡಿ ನಡೆಸಿಕೊಂಡಿದ್ದ ಸಂಸಾರವೇ ಮಣ್ಣಿನಡಿ ಹೋಯಿತು. ಹೆದ್ದಾರಿಯ ಪಕ್ಕದ ಚಹಾದಂಗಡಿಗಳ ನಡುವೆ ಬೆಳೆದ ನನಗೆ ಆ ಸುದ್ದಿಯನ್ನು ಓದಿ ಮುಗಿಸುವುದು ಕಷ್ಟವಾಯಿತು.

ಕೊಲ್ಲೂರಿನಿಂದ ಘಟ್ಟ ಹತ್ತಿ ಸಿಗಂದೂರಿನ ಕಡೆಗೆ ಬಂದರೆ ಶರಾವತಿಯ ಹಿನ್ನೀರು. ಇಡೀ ಪ್ರವಾಸದಲ್ಲಿ ಒಂದೇ ಒಂದು ಕಡೆ ಬಸ್ಸು ನಿಲ್ಲಿಸಬೇಕೆಂದರೆ ನಾನು ಇಲ್ಲಿ ನಿಲ್ಲಿಸೆನ್ನುತ್ತೇನೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ನೀರು ನಿಂತಾಗ ಊರು, ಗದ್ದೆ, ತೋಟ, ದೇವಸ್ಥಾನಗಳು ಮುಳುಗಿದವು. ನಮ್ಮ ಹಳ್ಳಿಗಳಲ್ಲಿ ದೀಪ ಹತ್ತಿದ್ದರಲ್ಲಿ ಆ ನೀರಿನ ಪಾಲಿದೆ. ಆಚೆ ದಡದ ತುಮರಿಯ ಕಡೆಯವರಿಗೆ ತಾಲ್ಲೂಕಿನ ಕೇಂದ್ರವಾದ ಸಾಗರಕ್ಕೆ ಬರಬೇಕಾದರೆ ಲಾಂಚೇ ಗತಿಯಾಯಿತು. ಪ್ರವಾಸಿಗಳು ಹೊಳೆಬಾಗಿಲಿನಲ್ಲಿ ಕಾರನ್ನು ಲಾಂಚಿಗೆ ಹತ್ತಿಸಿ, ಗಾಳಿಗೆ ಮುಖವೊಡ್ಡಿ, ಮುಳುಗಿದ ಮರಗಳ ಬೋಳು ತುದಿಗಳ ಚಿತ್ರ ತೆಗೆದು ಆನಂದಿಸಿದರು. ದ್ವೀಪದವರು ಅದೇ ಲಾಂಚಿಗೆ ಕಾದು ಶಾಲೆಗೆ, ಆಸ್ಪತ್ರೆಗೆ, ಕಚೇರಿಗೆ ಹೋದರು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಆ ದಿನ ಮುಗಿಯಿತು. ಬೇಸಗೆಯಲ್ಲಿ ನೀರು ತೀರ ಇಳಿದರೆ ವಾಹನಗಳನ್ನು ಹತ್ತಿಸುವುದನ್ನೇ ನಿಲ್ಲಿಸುತ್ತಿದ್ದರು. ನಮ್ಮ ಅಜ್ಜಿ ನಾರ್ವೆಯನ್ನು ಕುರಿತು ಕೇಳಿದ ಪ್ರಶ್ನೆಗೆ ಇಲ್ಲಿ ಅರವತ್ತು ವರ್ಷ ಉತ್ತರವಿರಲಿಲ್ಲ.

2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿಗಳ ನಡುವೆ ಎರಡು ಕಿಲೋಮೀಟರಿಗೂ ಉದ್ದವಾದ ಸೇತುವೆ ತೆರೆಯಿತು. ವಾರ ಕಳೆಯುವುದರೊಳಗೆ ನಮ್ಮ ಸಹಪಾಠಿಗಳಲ್ಲೇ ಕೆಲವರು, “ಅಯ್ಯೋ, ಲಾಂಚಿನ ಮಜಾ ಹೋಯಿತಲ್ಲ! ಸಿಗಂದೂರಿಗೆ ಹೋಗುವುದರಲ್ಲಿ ಇನ್ನೇನು ಉಳಿಯಿತು?” ಎಂದು ಪೇಚಾಡಿದರು. ಈ ಪೇಚಾಟವನ್ನು ಕೇಳಿ ನನಗೆ ನಾಚಿಕೆಯಾಯಿತೆಂದು ಸ್ಪಷ್ಟವಾಗಿ ಹೇಳುತ್ತೇನೆ. ವರ್ಷಕ್ಕೊಮ್ಮೆ ಇಪ್ಪತ್ತು ನಿಮಿಷ ನಮಗೆ ಚೆಂದ ಕಾಣಲೆಂದು ಒಂದು ಹೋಬಳಿಯ ಜನ ದಿನವೂ ದಡದಲ್ಲಿ ಕಾಯುತ್ತಿರಬೇಕೆ? ಅವರ ತೊಂದರೆ ನಮ್ಮ ದೃಶ್ಯವೆ? ನಾಳೆ ಯಾರಾದರೂ ಬಂದು, ಯಡಿಯೂರಿಗೆ ರೈಲು ಬರಬಾರದಿತ್ತು, ಎತ್ತಿನ ಗಾಡಿಯ ಸೊಗಸು ಹೋಯಿತು ಎಂದರೆ ನಾವು ಏನು ಹೇಳುತ್ತೇವೆ? ಲಾಂಚಿನ ಸುಖವನ್ನು ಕಂಡವರು ಅದನ್ನು ನೆನೆಯಬಾರದೆಂದು ನಾನು ಹೇಳುವುದಿಲ್ಲ, ಅದು ಸುಖವೇ. ಆದರೆ ಸೇತುವೆಯ ನಡುವೆ ನಿಂತು ನೀರನ್ನು ನೋಡುವಾಗ ಆ ನೀರಿನ ಕೆಳಗೆ ಏನಿದೆಯೆಂದು ತಿಳಿದು ನೋಡುವುದು ಲಾಂಚಿನ ಮಜಕ್ಕಿಂತ ದೊಡ್ಡ ವಸ್ತು. ಹೊರಡುವುದಕ್ಕೆ ಮೊದಲು ಸಾಗರದ ನಾ. ಡಿಸೋಜರ ‘ಮುಳುಗಡೆ’ ಮತ್ತು ‘ದ್ವೀಪ’ ಕಾದಂಬರಿಗಳನ್ನು ಓದಿಕೊಂಡರೆ ಮಾರ್ಗದರ್ಶಿಯೇ ಬೇಡ. ಎರಡನೆಯದನ್ನು ಗಿರೀಶ ಕಾಸರವಳ್ಳಿಯವರು 2002ರಲ್ಲಿ ಚಲನಚಿತ್ರವಾಗಿಸಿದ್ದಾರೆ. ಓದಲು ಬೇಸರಪಡುವವರು ಅದನ್ನಾದರೂ ನೋಡಲಿ.

ಜೋಗವನ್ನು ನಾನು ಪಟ್ಟಿಯಿಂದ ಬಿಟ್ಟಿದ್ದೇನೆ. ಇದಕ್ಕೆ ಬೈಗುಳ ಬರುವುದೆಂದು ಬಲ್ಲೆ. ಆದರೆ ನಾವು ಹೋಗುವ ಡಿಸೆಂಬರ್ ಜನವರಿಗಳಲ್ಲಿ ಮೇಲೆ ತಡೆದ ನೀರೆಲ್ಲ ವಿದ್ಯುದಾಗಾರಕ್ಕೆ ಹೋಗುವುದರಿಂದ, ಅಲ್ಲಿ ನೋಡುವುದಕ್ಕೆ ಸಿಗುವುದು ಬಹುಮಟ್ಟಿಗೆ ಬಂಡೆ. ಆ ಹೊತ್ತನ್ನು ಉಳಿಸಿದರೆ ಮೂರನೆಯ ದಿನ ಸಾಗರದಿಂದ ಶಿವಮೊಗ್ಗ, ತರೀಕೆರೆ, ಅರಸೀಕೆರೆ, ತಿಪಟೂರು, ತುರುವೇಕೆರೆಗಳ ಮೇಲೆ ಬೆಳಕಿರುವಾಗಲೇ ಯಡಿಯೂರಿಗೆ ಬರಬಹುದು. ಹೆಣ್ಣುಮಕ್ಕಳ ತಂದೆಯರು ಪಟ್ಟಿಯಲ್ಲಿ ಮೊದಲು ಓದುವುದು ಈ ಕೊನೆಯ ಸಾಲನ್ನೇ.

ಉಳಿದದ್ದು ಖರ್ಚಿನ ಮಾತು. ರಾತ್ರಿ ಬಸ್ಸಿನಲ್ಲೇ ಕಳೆದರೆ ತಂಗುವ ಹಣ ಉಳಿಯುತ್ತದೆ ಎಂಬುದು ಸಮಿತಿಯ ವಾದ. ಅದರಲ್ಲಿ ಹುರುಳಿದೆ, ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ನೂರು ರೂಪಾಯಿಯೂ ಲೆಕ್ಕವೇ. ಆದರೆ ಹದಿನಾಲ್ಕು ಸ್ಥಳಗಳ ಸುತ್ತಾಟಕ್ಕೆ ಸುರಿಯುವ ಡೀಸೆಲು ಉಳಿಯುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಉಡುಪಿಯಲ್ಲಿ ಅಗ್ಗದ ವಸತಿ ಹುಡುಕಿದರೆ ಸಿಗದೆ ಹೋಗದು. ಸಾಗರದಲ್ಲಿ ಯಾವುದಾದರೊಂದು ಕಾಲೇಜಿಗೆ ನಮ್ಮ ಪ್ರಾಂಶುಪಾಲರು ಒಂದು ಕಾಗದ ಬರೆದರೆ ಒಂದು ರಾತ್ರಿಗೆ ಎರಡು ಕೊಠಡಿ ಕೊಡುವುದಿಲ್ಲವೆನ್ನುವಷ್ಟು ಕಟುಕರು ಮಲೆನಾಡಿನಲ್ಲಿ ಇಲ್ಲ. ಅಲ್ಲಿಯ ವಿದ್ಯಾರ್ಥಿಗಳಲ್ಲಿ ತುಮರಿಯ ಕಡೆಯವರು ಇದ್ದರೆ ಆ ಸಂಜೆ ನಮ್ಮೊಡನೆ ಕುಳಿತು ಮಾತಾಡಬಹುದು. ಲಾಂಚಿನ ಮಜವನ್ನು ಕುರಿತು ಅವರನ್ನೇ ಕೇಳೋಣ. ಕಾಗದವನ್ನು ಮಾತ್ರ ನವೆಂಬರಿನಲ್ಲಿಯೇ ಬರೆಯಬೇಕು. ಡಿಸೆಂಬರಿನಲ್ಲಿ ಅವರೂ ಪ್ರವಾಸ ಹೊರಟಿರುತ್ತಾರೆ, ಬಹುಶಃ ರಾತ್ರಿಯ ಬಸ್ಸಿನಲ್ಲಿ, ನಮ್ಮ ಯಡಿಯೂರಿನ ಮೇಲೆಯೇ.