ಹೈಬ್ರಿಡ್ ಹೈಪರ್‌ಕಾರು: ಮೂವರ ಪೈಪೋಟಿಯಲ್ಲಿ ಗೆದ್ದವರಾರು?

ಇಟಲಿಯ ಫೆರಾರಿ ಹಾಗೂ ಬ್ರಿಟನ್ನಿನ ಮೆಕ್‌ಲಾರೆನ್ ಸಂಸ್ಥೆಗಳು 2024ರ ಅಕ್ಟೋಬರ್‌ನಲ್ಲಿ ಕೆಲವೇ ದಿನಗಳ ಅಂತರದಲ್ಲಿ ತಮ್ಮ ನೂತನ ಹೈಬ್ರಿಡ್ ಹೈಪರ್‌ಕಾರುಗಳನ್ನು ಅನಾವರಣಗೊಳಿಸಿದಾಗ, ದಶಕದ ಹಿಂದಿನ ಪೈಪೋಟಿಯೊಂದು ವಾಹನಪ್ರಿಯರ ಚರ್ಚೆಗೆ ಮತ್ತೆ ಬಂದಿತು. ಫೆರಾರಿ ಎಫ್80 ಕಾರಿನ ಸಾಮರ್ಥ್ಯ 1,200 ಅಶ್ವಶಕ್ತಿ. ಮೆಕ್‌ಲಾರೆನ್ ಡಬ್ಲ್ಯು1 ಅದನ್ನೂ ಮೀರಿ 1,275ಕ್ಕೆ ತಲುಪಿದೆ. ಆದರೆ ಇವುಗಳ ಹಿಂದಿನ ತಲೆಮಾರಿನ ಲಾಫೆರಾರಿ, ಮೆಕ್‌ಲಾರೆನ್ ಪಿ1 ಹಾಗೂ ಜರ್ಮನಿಯ ಪೋರ್ಷೆ 918 ಸ್ಪೈಡರ್ ಪೈಕಿ ಮೇಲು ಯಾವುದು ಎಂಬ ಪ್ರಶ್ನೆಗೆ ಸರ್ವಸಮ್ಮತ ಉತ್ತರ ಇನ್ನೂ ದೊರೆತಿಲ್ಲ.

ಈ ಮೂರೂ 2013ರ ಫಸಲು. ಲಾಫೆರಾರಿ ಮತ್ತು ಉತ್ಪಾದನಾ ರೂಪದ ಪಿ1 ಆ ವರ್ಷದ ಮಾರ್ಚ್‌ನಲ್ಲಿ ಜಿನೀವಾ ಮೋಟಾರು ಪ್ರದರ್ಶನದ ಒಂದೇ ಸೂರಿನಡಿ ಕಾಣಿಸಿಕೊಂಡವು. 2010ರಲ್ಲೇ ಪರಿಕಲ್ಪನೆಯಾಗಿ ಪ್ರದರ್ಶಿತವಾಗಿದ್ದ 918ರ ಉತ್ಪಾದನೆ ಆ ಸೆಪ್ಟೆಂಬರ್‌ನಲ್ಲಿ ಆರಂಭವಾಯಿತು. ಫಾರ್ಮುಲಾ ಒನ್ ರೇಸಿನಲ್ಲಿ ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನು ಹಿಡಿದಿಟ್ಟು ಮರಳಿ ಬಳಸುವ ವಿಧಾನ 2009ರಲ್ಲೇ ಬಂದಿತ್ತು. ಅದೇ ತತ್ವ ರಸ್ತೆಗಿಳಿದಾಗ ಮೂರು ಸಂಸ್ಥೆಗಳೂ ಮೂರು ದಾರಿ ಹಿಡಿದವು. ಬ್ಯಾಟರಿ ಇರುವುದು ಯಾವುದಕ್ಕಾಗಿ ಎಂಬ ವಿಷಯದಲ್ಲೇ ಅವುಗಳ ನಡುವೆ ಭಿನ್ನಾಭಿಪ್ರಾಯವಿತ್ತು.

ಫೆರಾರಿಯ ಪಾಲಿಗೆ ವಿದ್ಯುತ್ ಮೋಟಾರು ಎಂಜಿನ್ನಿನ ಸೇವಕ. 6.3 ಲೀಟರಿನ ವಿ-12 ಎಂಜಿನ್ 800 ಅಶ್ವಶಕ್ತಿ ಉತ್ಪಾದಿಸಿದರೆ, ಮೋಟಾರು 163 ಸೇರಿಸುತ್ತದೆ. ಕೆಳವೇಗದ ಎಳೆತವನ್ನು ಮೋಟಾರು ನೋಡಿಕೊಳ್ಳುವುದರಿಂದ ಎಂಜಿನ್ ಅನ್ನು ನಿಮಿಷಕ್ಕೆ 9,250 ಸುತ್ತುಗಳವರೆಗೆ ಹಾಡಿಸಲು ತಂತ್ರಜ್ಞರಿಗೆ ಸಾಧ್ಯವಾಯಿತು. ಕೇವಲ ವಿದ್ಯುತ್ತಿನಿಂದ ಓಡುವ ಸೌಲಭ್ಯ ಚಾಲಕನಿಗೆ ಇಲ್ಲವೇ ಇಲ್ಲ. ಮೆಕ್‌ಲಾರೆನ್‌ನದ್ದು ಬೇರೆ ಸಮಸ್ಯೆ. ಅದರ 3.8 ಲೀಟರಿನ ವಿ-8 ಎಂಜಿನ್ನಿಗೆ ಜೋಡಿಸಿದ ಟರ್ಬೊಗಳು ಚುರುಕಾಗಲು ತೆಗೆದುಕೊಳ್ಳುವ ಕ್ಷಣಮಾತ್ರದ ವಿಳಂಬವನ್ನು ಮೋಟಾರು ತುಂಬಿಕೊಡುತ್ತದೆ. ಒಟ್ಟು ಸಾಮರ್ಥ್ಯ 916 ಅಶ್ವಶಕ್ತಿ. ವಿದ್ಯುತ್ತಿನಿಂದಲೇ ಸುಮಾರು 10 ಕಿ.ಮೀ. ಸಾಗಬಲ್ಲದು.

ಪೋರ್ಷೆಯ ಯೋಚನೆ ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಯಿತು. ರೇಸ್ ಕಾರಿನ ಮೂಲದ 4.6 ಲೀಟರಿನ ವಿ-8 ಎಂಜಿನ್ನಿಗೆ ಎರಡು ಮೋಟಾರುಗಳು ಜೊತೆಯಾದವು. ಅವುಗಳಲ್ಲೊಂದು ಮುಂದಿನ ಗಾಲಿಗಳನ್ನು ತಿರುಗಿಸುತ್ತದೆ. ಮೂರರಲ್ಲಿ ನಾಲ್ಕೂ ಗಾಲಿಗಳಿಗೆ ಚಾಲನೆಯಿದ್ದದ್ದು 918ಕ್ಕೆ ಮಾತ್ರ. 887 ಅಶ್ವಶಕ್ತಿಯೊಂದಿಗೆ ಬಲದಲ್ಲಿ ಕೊನೆಯ ಸ್ಥಾನ, 1,600 ಕಿಲೋಗ್ರಾಂ ಮೀರಿದ ತೂಕದಲ್ಲಿ ಮೊದಲ ಸ್ಥಾನ. ಆದರೂ ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗಕ್ಕೆ ಅದು 2.6 ಸೆಕೆಂಡುಗಳಲ್ಲಿ ಏರುತ್ತದೆ. ಪಿ1 ತೆಗೆದುಕೊಳ್ಳುವುದು 2.8 ಸೆಕೆಂಡು, ಫೆರಾರಿ ಹೇಳಿಕೊಂಡಿದ್ದು ಮೂರಕ್ಕಿಂತ ಕಡಿಮೆ ಎಂದಷ್ಟೇ. ನಾಲ್ಕು ಗಾಲಿಗಳ ಹಿಡಿತದ ಮಹಿಮೆ ಇದು. ವೇಗ ಹೆಚ್ಚಿದಂತೆ ಆಟ ತಿರುಗುತ್ತದೆ. 300 ಕಿ.ಮೀ. ತಲುಪಲು ಲಾಫೆರಾರಿಗೆ 15, ಪಿ1ಗೆ 16.5 ಸೆಕೆಂಡು ಸಾಕು. 918ಕ್ಕೆ ಸುಮಾರು 20 ಬೇಕು.

ಟ್ರ್ಯಾಕಿನ ಲೆಕ್ಕವಂತೂ ಇನ್ನಷ್ಟು ಸ್ವಾರಸ್ಯಕರ. ಪೋರ್ಷೆಯು 2013ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲಿ 6 ನಿಮಿಷ 57 ಸೆಕೆಂಡುಗಳ ಸುತ್ತನ್ನು ಬಹಿರಂಗವಾಗಿ ದಾಖಲಿಸಿತು. ಮೆಕ್‌ಲಾರೆನ್ 7 ನಿಮಿಷದೊಳಗೆ ಮುಗಿಸಿದ್ದಾಗಿ ಹೇಳಿಕೊಂಡಿತೇ ಹೊರತು ನಿಖರ ಅವಧಿಯನ್ನು ಆಗ ಬಿಟ್ಟುಕೊಡಲಿಲ್ಲ. ಫೆರಾರಿಯೋ ತನ್ನದೇ ಫಿಯೊರಾನೊ ಟ್ರ್ಯಾಕಿನ ಅಂಕಿ ನೀಡಿ ಸುಮ್ಮನಾಯಿತು. ತಮ್ಮ ಅಂಗಳದಲ್ಲಿ ತಾವೇ ಶೂರರು! ಮೂರನ್ನೂ ಮುಖಾಮುಖಿ ನಿಲ್ಲಿಸಿದ ಬಹುಚರ್ಚಿತ ಪರೀಕ್ಷೆಗಳಲ್ಲೊಂದು 'ದಿ ಗ್ರ್ಯಾಂಡ್ ಟೂರ್' ಕಾರ್ಯಕ್ರಮದ್ದು. 2016ರ ನವೆಂಬರ್‌ನಲ್ಲಿ ಪ್ರಸಾರಗೊಂಡ ಮೊದಲ ಕಂತಿನಲ್ಲಿ, ಪೋರ್ಚುಗಲ್‌ನ ಪೋರ್ಟಿಮಾವೊ ಟ್ರ್ಯಾಕಿನಲ್ಲಿ ಪಿ1 ಸೋತರೆ ತಮ್ಮ ಮನೆಯನ್ನೇ ಕೆಡವಬಹುದೆಂದು ನಿರೂಪಕ ಜೆರೆಮಿ ಕ್ಲಾರ್ಕ್‌ಸನ್ ಪಂಥ ಕಟ್ಟಿದ್ದರು. ಗೆದ್ದದ್ದು 918.

ಅಂದಚೆಂದದ ಮಾತಿಗೆ ಬಂದರೆ ತೀರ್ಪು ನೋಡುವವರ ಕಣ್ಣಿಗೆ ಬಿಟ್ಟದ್ದು. ಫ್ಲಾವಿಯೊ ಮಾನ್ಸೋನಿ ನೇತೃತ್ವದ ಫೆರಾರಿಯ ಸ್ವಂತ ವಿನ್ಯಾಸ ವಿಭಾಗ ರೂಪಿಸಿದ ಲಾಫೆರಾರಿ ನಿಂತಲ್ಲೇ ನಾಟಕೀಯ. ಫ್ರಾಂಕ್ ಸ್ಟೀಫನ್‌ಸನ್ ವಿನ್ಯಾಸದ ಪಿ1 ಮಾತ್ರ ಗಾಳಿಯೇ ಕೊರೆದಂತಿದೆ. ರೇಸ್ ವಿಧಾನದಲ್ಲಿ ಅದು 50 ಮಿ.ಮೀ. ಕೆಳಗಿಳಿದು, ಹಿಂಬದಿಯ ರೆಕ್ಕೆಯನ್ನು 300 ಮಿ.ಮೀ. ಮೇಲಕ್ಕೆತ್ತಿ, ಗಂಟೆಗೆ 257 ಕಿ.ಮೀ. ವೇಗದಲ್ಲಿ 600 ಕಿಲೋಗ್ರಾಂನಷ್ಟು ಒತ್ತಡದಿಂದ ನೆಲಕ್ಕೆ ಅಂಟಿಕೊಳ್ಳುತ್ತದೆ. ಇವುಗಳ ಪಕ್ಕದಲ್ಲಿ 918 ಸಂಯಮಿ. ಆದರೆ ಛಾವಣಿ ಬಿಚ್ಚಿ ಮುಂಭಾಗದಲ್ಲಿ ಇರಿಸಿಕೊಂಡು, ಬೆನ್ನಿನ ಮೇಲೆಯೇ ತೆರೆದುಕೊಳ್ಳುವ ಹೊಗೆಕೊಳವೆಗಳ ಆರ್ಭಟ ಕೇಳುತ್ತ ಸಾಗುವ ಸುಖ ಅದರ ಮಾಲೀಕರದ್ದು.

ಚಾಲನೆಯ ಆನಂದದಲ್ಲಿ ಪಿ1 ಅತ್ಯಂತ ಒರಟು, ಅದೇ ಅದರ ಆಕರ್ಷಣೆ. ಹಿಂದಿನ ಎರಡು ಗಾಲಿಗಳಿಗಷ್ಟೇ ಎಲ್ಲ ಬಲವೂ ಹರಿಯುವುದರಿಂದ ಒದ್ದೆ ರಸ್ತೆಯಲ್ಲಿ ಚಾಲಕನಿಗೆ ಎದೆಗಾರಿಕೆ ಬೇಕು. ಲಾಫೆರಾರಿಯಲ್ಲಿ ಆಸನ ಸ್ಥಿರ. ಸ್ಟಿಯರಿಂಗ್ ಮತ್ತು ಪೆಡಲುಗಳೇ ಚಾಲಕನ ಬಳಿಗೆ ಬರುತ್ತವೆ. ನಿತ್ಯ ಬಳಕೆಗೆ ಒಗ್ಗುವುದು 918. ಐರೋಪ್ಯ ಮಾನದಂಡದಂತೆ 100 ಕಿ.ಮೀ.ಗೆ ಸುಮಾರು 3 ಲೀಟರ್ ಪೆಟ್ರೋಲ್ ಸಾಕೆಂಬ ಅದರ ಅಂಕಿಯನ್ನು ಮಾತ್ರ ನಂಬಿ ಹೊರಡುವಂತಿಲ್ಲ. ಬ್ಯಾಟರಿಯನ್ನು ಪೂರ್ತಿ ತುಂಬಿಸಿ ಓಡಿಸಿದ ಪರೀಕ್ಷೆಯೂ ಆ ಲೆಕ್ಕದಲ್ಲಿ ಸೇರಿದೆ.

ಮಾರುಕಟ್ಟೆಯ ತೀರ್ಪು ಬೇರೆಯೇ ಆಯಿತು. ಪಿ1 375, 918 ಹೆಸರಿಗೆ ತಕ್ಕಂತೆ 918, ಲಾಫೆರಾರಿ 499 ತಯಾರಾದವು. ಮಧ್ಯ ಇಟಲಿಯ ಭೂಕಂಪ ಸಂತ್ರಸ್ತರ ನೆರವಿಗಾಗಿ ನಿರ್ಮಿಸಿದ 500ನೇ ಲಾಫೆರಾರಿ 2016ರ ಡಿಸೆಂಬರ್‌ನಲ್ಲಿ 70 ಲಕ್ಷ ಡಾಲರಿಗೆ ಹರಾಜಾಯಿತು. ಅಂದಿನಿಂದಲೂ ಹರಾಜುಕಟ್ಟೆಯಲ್ಲಿ ವಿ-12ರ ಫೆರಾರಿಯದ್ದೇ ಮೇಲುಗೈ. ಗಡಿಯಾರದ ಮುಂದೆ ಗೆದ್ದ ಪೋರ್ಷೆ ಹಣದ ಮುಂದೆ ಎರಡನೆಯದು.

ಕಾಲ ಕಳೆದಂತೆ ಮಾಲೀಕರನ್ನು ಕಾಡುತ್ತಿರುವುದು ಬ್ಯಾಟರಿಯ ಮುಪ್ಪು. ಎಂಜಿನ್ ಅನ್ನು ಬಿಚ್ಚಿ ಕಟ್ಟಬಹುದು. ದಶಕ ಹಳೆಯ ಲಿಥಿಯಂ ಕೋಶಗಳಿಗೆ ಆ ಭಾಗ್ಯವಿಲ್ಲ. ಗ್ಯಾರೇಜಿನಲ್ಲಿ ನಿಲ್ಲಿಸಿದ ಕಾರನ್ನೂ ಚಾರ್ಜರಿಗೆ ಜೋಡಿಸಿಡಬೇಕು. ಫೆರಾರಿಯು 2024ರಲ್ಲಿ ತನ್ನ ಹೈಬ್ರಿಡ್ ಕಾರುಗಳಿಗೆ ಬ್ಯಾಟರಿ ಬದಲಾವಣೆಯನ್ನೂ ಒಳಗೊಂಡ ವಿಸ್ತರಿತ ಖಾತರಿ ಪ್ರಕಟಿಸಿದ್ದು ಈ ಹಿನ್ನೆಲೆಯಲ್ಲಿ ಗಮನಾರ್ಹ.

ತಂತ್ರಜ್ಞಾನದ ವಾದದಲ್ಲಿ ಮಾತ್ರ ಪೋರ್ಷೆಯದ್ದೇ ಗೆಲುವು ಎನ್ನಬೇಕು. ಮುಂದಿನ ಗಾಲಿಗಳಿಗೆ ಮೋಟಾರು ಜೋಡಿಸುವ ಕ್ರಮವನ್ನು ಫೆರಾರಿ 2019ರ ಎಸ್‌ಎಫ್90 ಸ್ಟ್ರಾಡಾಲೆಯಲ್ಲಿ ಅಳವಡಿಸಿಕೊಂಡು ಎಫ್80ರಲ್ಲೂ ಮುಂದುವರಿಸಿತು. ಪ್ರತಿಷ್ಠೆಯ ವಿ-12 ಬದಲಿಗೆ ಎಫ್80ಕ್ಕೆ 3 ಲೀಟರಿನ ವಿ-6 ಕೂರಿಸಿತು. ಪೋರ್ಷೆಯೇ 2023ರಲ್ಲಿ ತೋರಿಸಿದ ಮಿಷನ್ ಎಕ್ಸ್ ಪರಿಕಲ್ಪನೆ ಪೂರ್ಣ ವಿದ್ಯುತ್ ಚಾಲಿತ. ಹಿಂಗಾಲಿ ಚಾಲನೆಗೆ ಅಂಟಿಕೊಂಡ ಮೆಕ್‌ಲಾರೆನ್ ಬ್ಯಾಟರಿಯನ್ನೇ ಕುಗ್ಗಿಸಿದೆ: ಪಿ1ರಲ್ಲಿ 4.7 ಕಿಲೋವ್ಯಾಟ್-ಗಂಟೆಯಷ್ಟಿದ್ದದ್ದು ಡಬ್ಲ್ಯು1ರಲ್ಲಿ 1.4ಕ್ಕೂ ಇಳಿದಿದೆ. 2013ರಲ್ಲಿ ಪರಿಸರದ ಹೆಸರು ಹೇಳಿ ಮಾರಿದ ವಿದ್ಯುತ್ ಓಟದ ದೂರ ಈಗ 2.6 ಕಿ.ಮೀ. ಮಾತ್ರ. ಎಫ್80ರಲ್ಲಿ ಆ ಸೌಲಭ್ಯವೇ ಇಲ್ಲ.