ಹುಡುಕಿ ಸಿಕ್ಕಿದ್ದೆಲ್ಲ ನಮ್ಮದಲ್ಲ

ಮುಧೋಳ ತಾಲ್ಲೂಕಿನ ಶಿಕ್ಷಕಿಯೊಬ್ಬರು ಇತ್ತೀಚೆಗೆ ನನ್ನ ಮುಂದೆ ಒಂದು ಸಂದೇಹವನ್ನಿಟ್ಟರು. ಮುಧೋಳ ನಾಯಿಯ ಕುರಿತು ಪಾಠ ಮಾಡಲು ಅಂತರ್ಜಾಲದಲ್ಲಿ ಹುಡುಕಿದಾಗ ಅವರಿಗೆ ಸಿಕ್ಕಿದ್ದು ಯಾರೋ ಛಾಯಾಗ್ರಾಹಕರ ಹೆಸರಿದ್ದ ಚಿತ್ರ. ‘ಇದನ್ನು ಮಕ್ಕಳಿಗೆ ತೋರಿಸಿದರೆ ತಪ್ಪಾಗುತ್ತದೆಯೇ ಸರ್?’ ಎಂಬುದು ಅವರ ಅಳುಕು. ಅವರ ಸಹೋದ್ಯೋಗಿಯೊಬ್ಬರಾದರೋ ಯಾವ ಅಳುಕೂ ಇಲ್ಲದೆ ಪುಸ್ತಕವೊಂದರ ಪುಟಗಳನ್ನೇ ಯೂಟ್ಯೂಬ್‌ಗೆ ಏರಿಸಿದ್ದರು. ಇಬ್ಬರಿಗೂ ಕಾನೂನು ತಿಳಿದಿರಲಿಲ್ಲ. ತಿಳಿಸಬೇಕಾದ ಆಡಳಿತದಲ್ಲಿ ಮೂರು ದಶಕ ಕಳೆದ ನನಗೂ ಆ ದೋಷದಲ್ಲಿ ಪಾಲಿದೆ.

1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಶಿಕ್ಷಕರ ಪರವಾಗಿಯೇ ಇದೆ. ಬೋಧನೆಯ ಅಂಗವಾಗಿ ಶಿಕ್ಷಕರಾಗಲಿ, ವಿದ್ಯಾರ್ಥಿಗಳಾಗಲಿ ಕೃತಿಯೊಂದರ ಪ್ರತಿ ಮಾಡಿಕೊಳ್ಳುವುದು ಉಲ್ಲಂಘನೆಯಲ್ಲ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಪ್ರಕರಣದಲ್ಲಿ ಅಲ್ಲಿನ ಹೈಕೋರ್ಟ್ 2016ರಲ್ಲಿ ಈ ವಿನಾಯಿತಿಯನ್ನು ವಿಶಾಲವಾಗಿಯೇ ಅರ್ಥೈಸಿತು. ಆದರೆ ತರಗತಿಯ ಹೊಸ್ತಿಲು ದಾಟಿ ಲೋಕಕ್ಕೆಲ್ಲ ಹಂಚಿದಾಗ ಈ ರಕ್ಷಣೆಯನ್ನೇ ನೆಚ್ಚಿಕೊಳ್ಳುವಂತಿಲ್ಲ.

ಹಾಗಾದರೆ ಮಾರ್ಗವೇನು? ಗೂಗಲ್‌ನ ಚಿತ್ರಶೋಧದಲ್ಲಿ ಬಳಕೆಯ ಹಕ್ಕಿಗೆ ಅನುಗುಣವಾಗಿ ಚಿತ್ರಗಳನ್ನು ಸೋಸುವ ಸೌಲಭ್ಯವಿದೆ. 2004ರಲ್ಲಿ ಆರಂಭವಾದ ವಿಕಿಮೀಡಿಯ ಕಾಮನ್ಸ್‌ನಲ್ಲಿ ಮುಕ್ತ ಪರವಾನಗಿಯ ಚಿತ್ರಗಳ ಭಂಡಾರವೇ ಇದೆ. ಕರ್ತೃವಿನ ಹೆಸರು ನಮೂದಿಸಿ, ಷರತ್ತು ಪಾಲಿಸಿದರೆ ಸಾಕು.

ಕಾಲವೂ ಕೃತಿಗಳನ್ನು ಮುಕ್ತಗೊಳಿಸುತ್ತದೆ. ನಮ್ಮ ದೇಶದಲ್ಲಿ ಲೇಖಕರು ನಿಧನರಾದ 60 ವರ್ಷಗಳ ಬಳಿಕ ಹಕ್ಕು ಮುಗಿಯುತ್ತದೆ. ಮುಧೋಳದ ರನ್ನನ ಕಾವ್ಯಕ್ಕೆ ಯಾರ ಅನುಮತಿಯೂ ಬೇಡ. ಇಂದಿನ ವಿದ್ವಾಂಸರು ಅದಕ್ಕೆ ಬರೆದ ಗದ್ಯಾನುವಾದದ ಮಾತು ಬೇರೆ. ಮನೆ ಮಾರಿ ಮುದ್ರಣಾಲಯ ಕಟ್ಟಿ ವಚನಗಳನ್ನು ಬೆಳಕಿಗೆ ತಂದ ವಿಜಯಪುರದ ಫ.ಗು. ಹಳಕಟ್ಟಿಯವರು ತೀರಿಕೊಂಡದ್ದು 1964ರಲ್ಲಿ. ಅವರ ಜೀವಿತಕಾಲದಲ್ಲಿ ಪ್ರಕಟವಾದ ಅವರ ಬರಹಗಳು 2025ರ ಜನವರಿ 1ರಿಂದ ಎಲ್ಲರ ಸೊತ್ತು. ಜಮಖಂಡಿ, ಬೀಳಗಿಯ ಎಷ್ಟು ಶಾಲೆಗಳಿಗೆ ಈ ಸುದ್ದಿ ತಲುಪಿದೆ?

ಶೋಧ ಯಂತ್ರವು ಇರುವುದನ್ನಷ್ಟೇ ಹುಡುಕಿಕೊಡಬಲ್ಲದು. ರಬಕವಿ-ಬನಹಟ್ಟಿಯ ಮಗ್ಗ, ಘಟಪ್ರಭೆಯ ದಂಡೆಯ ಕಬ್ಬಿನ ಹೊಲ, ಬೀಳಗಿಯ ಕೃಷ್ಣಾ ಹಿನ್ನೀರು ಇವುಗಳ ಚಿತ್ರ ಮತ್ತು ವಿವರಗಳನ್ನು ಕನ್ನಡದಲ್ಲಿ ಸಿದ್ಧಪಡಿಸಿ ಮುಕ್ತವಾಗಿ ಹಂಚಬೇಕಾದವರು ನಾವೇ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಒಂದು ಮಾತು ಹೇಳಬಲ್ಲೆ: ಪಾಠವೊಂದನ್ನು ಸಿದ್ಧಪಡಿಸಲು ಒಮ್ಮೆ ವೆಚ್ಚವಾಗುತ್ತದೆ, ಅದನ್ನು ಇನ್ನೂ ಸಾವಿರ ಶಾಲೆಗಳಿಗೆ ಅಂತರ್ಜಾಲದಲ್ಲಿ ತಲುಪಿಸಲು ಹೆಚ್ಚುಕಡಿಮೆ ಏನೂ ತಗಲುವುದಿಲ್ಲ. ಆದ್ದರಿಂದ ಸಾರ್ವಜನಿಕ ಹಣದಿಂದ ತಯಾರಾದ ಬೋಧನಾ ಸಾಮಗ್ರಿಯೆಲ್ಲವೂ ಮುಕ್ತ ಪರವಾನಗಿಯಡಿ ಬರಬೇಕು. ಶಿಕ್ಷಕರ ತರಬೇತಿಯಲ್ಲಿ ಕನಿಷ್ಠ ಒಂದು ದಿನ ಈ ವಿಷಯಕ್ಕೆ ಮೀಸಲಾಗಬೇಕು.

ಆ ಶಿಕ್ಷಕಿ ಕೊನೆಗೆ ತಮ್ಮೂರಿನ ರೈತರೊಬ್ಬರ ಮನೆಯ ನಾಯಿಯ ಚಿತ್ರವನ್ನು ತಾವೇ ಮೊಬೈಲ್‌ನಲ್ಲಿ ತೆಗೆದು ಪಾಠ ಮಾಡಿದರು. ಅದನ್ನವರು ಕಾಮನ್ಸ್‌ಗೂ ಸೇರಿಸಿದರೆ ಪಕ್ಕದ ತಾಲ್ಲೂಕಿನ ಶಿಕ್ಷಕರಿಗೆ ಆ ಅಳುಕು ಉಳಿಯುವುದಿಲ್ಲ.